ನ್ಯಾವಿಗೇಟರ್ ವೇಗಾ

ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂಬುದು ಅಶ್ವಥನಿಗೆ ೨೦೦೮ರ ಒಂದು ಗುರುವಾರ ಸಂಜೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಖಚಿತವಾಯಿತು.

ಕೆಲಸದೂರು ವಾರೆನ್‌ನ ಬಾಡಿಗೆ ಮನೆಯಲ್ಲಿ ಅವನ ಕಿವಿಗೆ ಸೆಲ್‌ಫೋನು, ಎದುರಿಗೆ ಲ್ಯಾಪ್‌ಟಾಪು. ಫೋನಿನಲ್ಲಿ, ಗಡಿಯಾರ ಒಂದು ಗಂಟೆ ಹಿಂದಿರುವ ಡೌನರ್ಸ್ ಗ್ರೋವ್‌ನಿಂದ ಹೆಂಡತಿ ಛಾಯಾ.

"ಊಟ ಆಯ್ತಾ?" ಎಂದ.

"ಏನ್ ಊಟ, ಇಲ್ಲಿನ್ನೂ ಏಳು ಗಂಟೆ. ತನಿಷಾನ ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಪಾರ್ಕಿಂಗ್ ಲಾಟಲ್ಲಿ ಕೂತಿದೀನಿ. ಗೆಜ್ಜೆ ಸದ್ದು ಕಾರಿನೊಳಗೇ ಕೇಳಿಸ್ತಿದೆ."

"ಅವಳ ಗೆಜ್ಜೇನೇನಾ?"

"ಗೆಜ್ಜೇಲಿ ಹೆಸರು ಬರೆದಿರುತ್ತಾ? ಏನಾಗಿದೆ ನಿಮಗೆ?"

ಅಶ್ವಥ ಮಾತು ಬದಲಿಸಿದ. ತನಿಷಾ ಡ್ಯಾನ್ಸ್ ಕ್ಲಾಸಿನಲ್ಲಿ ಇರುವುದು ಸಾಧ್ಯವಿರಲಿಲ್ಲ. ಅದೇ ಹೊತ್ತಿಗೆ ಅವಳು ಲ್ಯಾಪ್‌ಟಾಪಿನ ತೆರೆಯ ಮೇಲೆ ಅವನಿಗೇ ಉತ್ತರ ಬರೆಯುತ್ತಿದ್ದಳು.

ಅಪ್ಪನಿಗೇ ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ನಾಲ್ಕು ತಿಂಗಳ ಹಿಂದೆ ಒಂದು ಶನಿವಾರ ಮಗಳ ಕಂಪ್ಯೂಟರಿನಲ್ಲಿ ಆ ಚಾಟ್ ರೂಮ್ ಅವನ ಕಣ್ಣಿಗೆ ಬಿದ್ದಿತ್ತು. ಎಲ್ಲೆಲ್ಲಿಯವರೋ ಸೇರಿ ಆಡುವ ಆಟ. ಒಂದು ಅಂತರಿಕ್ಷ ನೌಕೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತನಿಷಾ ನ್ಯಾವಿಗೇಟರ್ ವೇಗಾ. ಅಪರಿಚಿತರ ನಡುವೆ ಹದಿನೇಳರ ಹುಡುಗಿ. ಭಾನುವಾರ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿ ವಾರೆನ್ ಸೇರಿದವನು ಶೂ ಬಿಚ್ಚುವ ಮೊದಲೇ ಬೇರೆ ಹೆಸರಿನಲ್ಲಿ ಸೇರಿಕೊಂಡ. ಖಾಲಿ ಇದ್ದದ್ದು ಒಂದೇ ಪಾತ್ರ, ನೌಕೆಯ ಕಂಪ್ಯೂಟರು.

ಕಾವಲಿಗೆಂದು ಹೋದವನು ಮಾತಿಗೆ ಬಿದ್ದ. ಪ್ರತಿ ಸಂಜೆ ಮೊದಲು ಊಟದ ವಿಚಾರ, ಆಮೇಲೆ ಅಂತರಿಕ್ಷ.

ಒಂದು ವಾರ ಅಲ್ಲಿ ದೊಡ್ಡ ವಾದವೇ ನಡೆದಿತ್ತು. ಮನುಷ್ಯರ ಹಾಗೆ ಮಾತಾಡುವ ಯಂತ್ರ ಕಥೆಯಲ್ಲಿ ಸರಿ, ನಿಜದಲ್ಲಿ ಆದೀತೇ? ಆಗದು, ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ ಎಂದ ಕ್ಯಾಪ್ಟನ್. ಅಶ್ವಥನಿಗೂ ಹಾಗೇ ಅನ್ನಿಸಿತು. ಅವನ ಕೆಲಸವೇ ಕಾರಿನ ಬಾಗಿಲಿಗೆ ವೆಲ್ಡಿಂಗ್ ಮಾಡುವ ರೋಬೋಟುಗಳನ್ನು ಪರೀಕ್ಷಿಸುವುದು. ಎದುರಿಗೆ ಬಾಗಿಲು ಇಲ್ಲದಿದ್ದರೂ ಅವು ಶ್ರದ್ಧೆಯಿಂದ ಗಾಳಿಗೆ ವೆಲ್ಡಿಂಗ್ ಮಾಡುತ್ತಿದ್ದವು. "ನನ್ನಂಥ ಕಂಪ್ಯೂಟರು ಸಾಧ್ಯವೇ ಇಲ್ಲ," ಎಂದು ಬರೆದ.

"ಸಾಧ್ಯವೇ ಇಲ್ಲ ಎಂದು ಯಾಕೆ ಅನ್ನಿಸುತ್ತದೆ?" ಎಂದು ವೇಗಾ ಕೇಳಿದಳು.

ಮನೆಯಲ್ಲಿ ತನಿಷಾಗೆ ನಾಲ್ಕು ಮಾತು ಬರುತ್ತಿದ್ದವು. ಫೈನ್. ಗುಡ್. ವಾಟೆವರ್. ನಾಲ್ಕನೆಯದು ಬಾಗಿಲು ಹಾಕಿಕೊಳ್ಳುವ ಸದ್ದು. ಇಲ್ಲಿ ಅವಳು ಪ್ರಶ್ನೆ ಕೇಳುತ್ತಿದ್ದಳು. ತಕ್ಷಣ ಕೇಳುತ್ತಿದ್ದಳು. ಒಂದು ಅಕ್ಷರವೂ ತಪ್ಪಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮಗಳು ಅವನನ್ನು ಇಷ್ಟು ವಿಚಾರಿಸಿಕೊಂಡದ್ದಿಲ್ಲ.

ಅದಕ್ಕೇ ಡ್ಯಾನ್ಸ್ ಕ್ಲಾಸಿನ ವಿಷಯ ಛಾಯಾಗೆ ಹೇಳಲಿಲ್ಲ. ಫೋನ್ ಇಟ್ಟು, ವಾರವಿಡೀ ಕಾಡುತ್ತಿದ್ದುದನ್ನು ಬರೆದ. ಅವನ ಕಾಂಟ್ರಾಕ್ಟನ್ನು ಇನ್ನೆರಡು ವರ್ಷ ಮುಂದುವರಿಸುವುದಾಗಿ ಆಫೀಸಿನವರು ಹೇಳಿದ್ದರು. ಈಗಿನದು ನಾಳೆಗೆ ಮುಗಿಯುತ್ತಿತ್ತು, ಬೆಳಿಗ್ಗೆಯೊಳಗೆ ಉತ್ತರ ಬೇಕು. ಎರಡು ವರ್ಷಕ್ಕೆ ತನಿಷಾ ಕಾಲೇಜಿಗೆ ಹೋಗಿಬಿಟ್ಟಿರುತ್ತಾಳೆ.

"ಈ ಕಂಪ್ಯೂಟರನ್ನು ಇನ್ನೆರಡು ವರ್ಷ ಮನೆಯಿಂದ ದೂರ ಇಡುತ್ತಾರಂತೆ. ಇರಲೋ, ಹೋಗಲೋ?"

"ಮನೆ ಎಂದರೆ ನಿನಗೆ ಏನು?"

"ಮಗಳು" ಎಂದು ಬರೆದ. ಕಂಪ್ಯೂಟರಿಗೆ ಮಗಳಿರುವುದು ಆಟಕ್ಕೆ ಒಪ್ಪುವುದಿಲ್ಲ ಎನ್ನಿಸಿತು. ಅಳಿಸಿ "ನ್ಯಾವಿಗೇಟರ್" ಎಂದು ಬರೆದ.

"ನ್ಯಾವಿಗೇಟರ್ ಬಗ್ಗೆ ಇನ್ನಷ್ಟು ಹೇಳು."

ನಾಚಿಕೊಂಡಿದ್ದಾಳೆ, ಅಂದುಕೊಂಡ. ಕನ್ನಡಕ ತೆಗೆದು ಒರೆಸಿದ.

ಬೆಳಿಗ್ಗೆ ಕಾಂಟ್ರಾಕ್ಟ್ ಬೇಡವೆಂದು ಹೇಳಿದ. ಪಕ್ಕದ ಟೇಬಲ್ಲಿನ ಬಾಲು ಕಾಫಿ ಕೆಳಗಿಟ್ಟ.

"ಊರ ತುಂಬ ಲೇಆಫು. ಇಂಥ ಟೈಮಲ್ಲಿ ಬೇಡ ಅಂದ್ರಾ? ಯಾರ್ ಕೊಟ್ರು ಸ್ವಾಮಿ ಈ ಬುದ್ಧಿ?"

"ಮಗಳು."

"ಪುಣ್ಯವಂತ್ರು. ನನ್ನ ಮಗ ಕಾರಿನ ಕೀ ಕೇಳೋಕೆ ಮಾತ್ರ ಬಾಯಿ ಬಿಡೋದು."

ಮೇಜಿನ ಸಾಮಾನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ಹಿಡಿಯಿತು. ಅಶ್ವಥ ಸಂಜೆ ಏಳು ಗಂಟೆಗೆ ಡೌನರ್ಸ್ ಗ್ರೋವ್ ತಲುಪಿದ. ಡಬ್ಬ ಹೊತ್ತು ಒಳಗೆ ಬಂದರೆ ತನಿಷಾ ಊಟದ ಮೇಜಿನ ತುಂಬ ದೊಡ್ಡ ರಟ್ಟು ಹರಡಿಕೊಂಡು ಹಾಳೆಗಳನ್ನು ಅಂಟಿಸುತ್ತಿದ್ದಳು. ನಾಳೆ ಸ್ಕೂಲಿನಲ್ಲಿ ಸೈನ್ಸ್ ಫೇರ್. ಮೇಲುಗಡೆ ದಪ್ಪ ಅಕ್ಷರದ ತಲೆಬರಹ: "ಯಂತ್ರವನ್ನು ಮನುಷ್ಯರೆಂದು ಜನ ನಂಬುತ್ತಾರೆಯೇ?"

ಕೆಳಗಿನ ಹಾಳೆಗಳಲ್ಲಿ ವೇಗಾಳ ಮಾತುಗಳಿದ್ದವು. ಅವನ ಮಾತುಗಳೂ ಇದ್ದವು.

"ಏನಿದು ಪುಟ್ಟೀ?"

"ನನ್ನ ಪ್ರೋಗ್ರಾಮ್ ಅಪ್ಪಾ. ವೇಗಾ." ತಲೆ ಎತ್ತದೆ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. "ಎದುರಿನವರ ಮಾತಲ್ಲೇ ಒಂದು ಪದ ತೆಗೆದು ತಿರುಗಿ ಪ್ರಶ್ನೆ ಕೇಳುತ್ತೆ, ಅಷ್ಟೇ. ಫೋರ್ ಮಂತ್ಸ್ ನಾನಲ್ಲಿ ಒಂದು ಲೈನೂ ಬರೆದಿಲ್ಲ. ಮೂರು ಜನ ನಂಬಿದ್ರು."

ಅಶ್ವಥ ಡಬ್ಬವನ್ನು ಕೆಳಗಿಡಲಿಲ್ಲ. ತನ್ನ ಹಾಳೆಯ ಮೇಲೆ ಕೆಂಪು ಗೀಟು ಅಡ್ಡ ಹಾದುಹೋಗಿತ್ತು.

"ಇದನ್ಯಾಕೆ ಹೊಡೆದುಹಾಕಿದೀಯ?"

"ಶಿಪ್ ಕಂಪ್ಯೂಟರಾ? ಅದು ಕೌಂಟ್ ಆಗಲ್ಲ. ಅದೂ ಯಾರೋ ಬರೆದ ಪ್ರೋಗ್ರಾಮೇ."

"ಹೇಗೆ ಗೊತ್ತು?"

"ದಿನಾ ಫಸ್ಟ್ ಲೈನ್ ಒಂದೇ. ಒಂದಿನಾನೂ ತಪ್ಪಿಲ್ಲ. ಯಾವ ಮನುಷ್ಯರು ಹಾಗೆ ಮಾತು ಶುರು ಮಾಡ್ತಾರೆ?"

ಏನಾದರೂ ಹೇಳಬೇಕಿತ್ತು. ಮಗಳ ಜೊತೆ ಮಾತು ಶುರು ಮಾಡಲು ಅವನಿಗೆ ಬರುತ್ತಿದ್ದುದು ಒಂದೇ ಸಾಲು.

"ಊಟ ಆಯ್ತಾ?" ಎಂದ.

ತನಿಷಾ ತಲೆ ಎತ್ತಿದಳು.