ನೀಲವ್ವನ ನಂಬಿಕೆ ಕಾರ್ಡು

ಐದು ವರ್ಷಕ್ಕೊಮ್ಮೆ ನಂಬಿಕೆ ಕಾರ್ಡು ಹೊಸದು ಮಾಡಿಸದಿದ್ದರೆ ರೇಷನ್ ನಿಂತುಬಿಡುತ್ತಿತ್ತು. ಅದಕ್ಕೇ ರೊಟ್ಟಿ ಮಾರುವ ನೀಲವ್ವ ಬುಟ್ಟಿಯನ್ನು ಕಚೇರಿಯ ಬಾಗಿಲಲ್ಲಿಟ್ಟು, ಮಶೀನಿನ ಗಾಜಿನ ಮೇಲೆ ಅಂಗೈ ಊರಿ ನಿಂತಿದ್ದಳು. ಒಂದೊಂದೇ ನಂಬಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸು ಒಪ್ಪಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು.

“ದೇವ್ರು ಅದಾನ,” ಎಂದಳು. ಕೆಂಪು.

“ಮಂದಿ ಒಳ್ಳೇವ್ರು.” ಅದೂ ಕೆಂಪು.

ಹೋದ ಸಲ ಎರಡೂ ಹಸಿರಾಗಿದ್ದವು. ಅದರ ಮರುವಾರವೇ ಸಂತೆಗೆಂದು ಹೋದ ಮಗಳು ಇನ್ನೂ ಮನೆಗೆ ಬಂದಿರಲಿಲ್ಲ. ನೀಲವ್ವ ಸೆರಗಿನಿಂದ ಅಂಗೈ ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು: “ನನ್ನ ಶಾಂಭವಿ ತಿರುಗಿ ಬರ್ತಾಳ.”

ಕೆಂಪು.

“ರೊಟ್ಟಿ ಬಡದು ಬಡದು ಕೈಯಾಗಿನ ಗೆರಿ ಸವದಾವ್ರಿ ಸಾಹೇಬ್ರ. ನಿಮ್ಮ ಮಶೀನಿಗೆ ನನ್ನ ಕೈ ತಿಳಿವಲ್ದು!” ಎಂದು ರೇಗಿದಳು. ಗುಮಾಸ್ತ ಗಾಜು ಒರೆಸಿಕೊಟ್ಟ. ಈ ಸಲ ಎಡಗೈ ಇಟ್ಟು ಅದನ್ನೇ ಹೇಳಿದಳು. ಮತ್ತೆ ಕೆಂಪು.

“ಒಂದರೆ ಹಸಿರು ಬರಬೇಕವ್ವಾ. ಖಾಲಿ ಕಾರ್ಡು ಕೊಡಾಕ ಬರೂದಿಲ್ಲ,” ಎಂದ ಗುಮಾಸ್ತ ಮೆಲ್ಲಗೆ.

“ಮಶೀನು ಕೆಟ್ಟೈತಿ. ಈಗ ತೋರಸ್ತೀನಿ ನೋಡ್ರಿ,” ಎನ್ನುತ್ತ ನೀಲವ್ವ ರೊಟ್ಟಿ ಬಡಿಯುವ ಹಾಗೆ ಗಾಜಿನ ಮೇಲೆ ಬಲಗೈ ಬಡಿದಳು. “ಆಕಿ ಬರಂಗಿಲ್ಲ. ಬರಂಗೇ ಇಲ್ಲ!”

ದೀಪ ತಟ್ಟನೆ ಹಸಿರಾಯಿತು.

ಗುಮಾಸ್ತ ತಲೆ ಎತ್ತಲಿಲ್ಲ. ಆ ಒಂದೇ ಸಾಲು ಅಚ್ಚಾದ, ಇನ್ನೂ ಬಿಸಿಯಿದ್ದ ಕಾರ್ಡನ್ನು ಅವಳ ಅಂಗೈಯಲ್ಲಿಟ್ಟ. ಇನ್ನು ಐದು ವರ್ಷ, ತಿಂಗಳು ತಿಂಗಳು, ರೇಷನ್ ಅಂಗಡಿಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿಯೇ ಅವಳು ರೊಟ್ಟಿಯ ಜೋಳ ತರಬೇಕು.