ಕೂಸಿನ ನೆತ್ತಿ

"ಈ ಅಂಟಿನ ರಾಸಾಯನಿಕ ನಿಷೇಧಿಸಿದ್ರೆ ಬೂಟಿನ ಬೆಲೆ ಏರುತ್ತೆ, ವ್ಯಾಪಾರ ನೆಲಕಚ್ಚುತ್ತೆ ಸ್ವಾಮಿ," ಎಂದು ಕಾರ್ಖಾನೆಯ ವಕೀಲರು ಹೇಳಿದ್ದೇ ತಡ, ಸರ್ಕಾರಿ ಸಮಿತಿಯವರು ನಿಷೇಧವನ್ನು ಮತ್ತೆ ಮುಂದೂಡಿ ಎದ್ದರು. ಬೂಟಿಗೆ ಅಂಟು ಹಚ್ಚಿ ಹಚ್ಚಿ, ಅದರ ಘಾಟಿಗೆ ಮೂಗೇ ಸತ್ತುಹೋಗಿದ್ದ ಆ ಕಾರ್ಖಾನೆಯ ಕೆಲಸಗಾರ್ತಿ ಹೊರಗೆ ಬಂದಳು.

ಮೆಟ್ಟಿಲ ಮೇಲೆ ಅವಳ ತಂಗಿ, ಅಕ್ಕನ ಚೊಚ್ಚಲ ಕೂಸನ್ನು ಎತ್ತಿಕೊಂಡು ಕಾದಿದ್ದಳು.

"ಏನಾಯ್ತಕ್ಕಾ?"

"ಆಗೋದೇನು, ಅವರ ಲಾಭ ಅವರಿಗೆ. ಕೊಡಿಲ್ಲಿ ನನ್ನ ಬಂಗಾರನ."

ಕೂಸಿನ ನೆತ್ತಿಗೆ ಮೂಗೊತ್ತಿ ಉಸಿರೆಳೆದಳು. ಬೆಚ್ಚಗಿತ್ತು, ಮೆತ್ತಗಿತ್ತು, ಅಷ್ಟೇ. ಹೆತ್ತಾಗಿನಿಂದಲೂ ಅಷ್ಟೇ.

"ಇವನ ವಾಸನೆ ಹೇಗಿದೆ, ಹೇಳೇ."

ತಂಗಿ ಬಗ್ಗಿ ಮೂಸಿದಳು. "ಹಾಲಿನ ಥರ... ಬಿಸಿಲಿಗೆ ಒಣಗಿದ ಬಟ್ಟೆ ಥರ... ಅಯ್ಯೋ, ಹೇಳೋಕೆ ಬರಲ್ಲ ಕಣಕ್ಕಾ."

"ಬಂದಷ್ಟು ಹೇಳ್ತಾ ಇರು," ಎಂದ ಅಕ್ಕ ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದಳು.