ಹೆಚ್ಚುವರಿ ಮಗು

“ತಲೇಲಿ ಒಡುದ್ರೆ ಗೋಲಲ್ವಾ? ಇದೇನು ಫುಟ್‌ಬಾಲೋ ಅಂಗನವಾಡಿಯೋ?”

ಸೋಮೇಶ್ ಗೆರೆ ದಾಟಿ ಮೈದಾನದೊಳಕ್ಕೆ ನುಗ್ಗಿದ್ದ. ರೆಫರಿಯಾಗಿದ್ದ ವ್ಯಾಯಾಮ ಶಿಕ್ಷಕಿ ಭಾನು ಸೀಟಿಯನ್ನು ಬಾಯಿಂದ ತೆಗೆದು ಗೆರೆಯತ್ತ ಕೈ ತೋರಿಸಿದಳು.

“ಹತ್ತು ವರ್ಷದೊಳಗಿನ ಮಕ್ಕಳು ಕಣಣ್ಣ. ಇವರ ತಲೆ ಇನ್ನೂ ಗಟ್ಟಿಯಾಗಿಲ್ಲ. ನೀವು ಆಚೆ ನಡೀರಿ.”

ಗಟ್ಟಿಯಾದ ತಲೆ ಯಾರದೆಂದು ಸುತ್ತ ನಿಂತವರಿಗೆಲ್ಲ ಗೊತ್ತಿತ್ತು. ಕೆಲವರು ನಕ್ಕರು.

ಅದು ಗುಂಡ್ಲುಪೇಟೆಯ ಬೇಸಿಗೆ ರಜೆಯ ಪಂದ್ಯಾವಳಿ. ಮಕ್ಕಳು ನಕ್ಕೊಂಡು ಆಡಲಿ ಎಂದು ನಿಯಮಗಳನ್ನು ವಯಸ್ಸಿಗೆ ತಕ್ಕಂತೆ ಸಡಿಲಿಸಿದ್ದರು. ಆರು ವರ್ಷದೊಳಗಿನವರಿಗೆ ಗೋಲ್‌ಕೀಪರ್ ಇಲ್ಲ. ಎಂಟರೊಳಗಿನವರಿಗೆ ಗೋಲಿನ ಲೆಕ್ಕವೇ ಇಲ್ಲ. ಹತ್ತರೊಳಗಿನವರಿಗೆ ಚಿಕ್ಕ ಚೆಂಡು, ಒಂದೊಂದು ಕಡೆ ಏಳೇ ಮಕ್ಕಳು, ಗಂಡು ಹೆಣ್ಣು ಒಟ್ಟಿಗೆ. ರಜೆಗೆ ಯಾರು ಯಾವ ಊರಲ್ಲಿದ್ದಾರೋ ಆ ಊರಿಗೆ ಆಡಬಹುದು. ಇಷ್ಟರಲ್ಲಿ ಸೋಮೇಶನಿಗೆ ಹಿಡಿಸಿದ್ದು ಕೊನೆಯದೊಂದೇ. ಮೈಸೂರಿನ ಗೆಳೆಯರ ಮಕ್ಕಳಿಬ್ಬರನ್ನು ತಂದು ತನ್ನ ಮನೆಯಲ್ಲಿ ಇಳಿಸಿಕೊಂಡಿದ್ದ. ಅವರಿಗೆ ಕೋಣೆ ಬೇಕಲ್ಲ, ಮಗಳು ಹರ್ಷಿತಾಳನ್ನು ಅಜ್ಜಿಯ ಮನೆಗೆ ಅಟ್ಟಿದ್ದ.

ಮಗಳ ಉಪಯೋಗವೂ ಅಷ್ಟರಲ್ಲೇ ಇತ್ತು. ಎಂಟು ವರ್ಷದ ಮಗ ರೇವಂತ್ ಹಿತ್ತಲಲ್ಲಿ ಗೋಲ್‌ಕೀಪರ್ ಆಗಿ ಪಳಗುವಾಗ ಅವನತ್ತ ಚೆಂಡು ಒದ್ದುಕೊಡುವುದು ಅವಳ ಕೆಲಸ. ನಾನೂ ತಂಡಕ್ಕೆ ಸೇರುತ್ತೇನೆ ಎಂದಾಗ, “ಮಂಡಿ ಕೆರ್ಕೊಂಡು ಕುಂಟೋ ಹೆಣ್ಣ ನಾಳೆ ಯಾರು ನೋಡಾರು, ಸುಮ್ನಿರಮ್ಮಿ,” ಎಂದಿದ್ದ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿದಷ್ಟೇ ಸಲೀಸಾಗಿ ಮಕ್ಕಳನ್ನೂ ತೂಗುವ ಮನುಷ್ಯ. ಚೆಂಡನ್ನು ಒಮ್ಮೆಯೂ ಒದ್ದವನಲ್ಲ. ಆದರೂ ಗುಂಡ್ಲುಪೇಟೆ ತಂಡಕ್ಕೆ ಅವನೇ ಕೋಚ್.

ಇವತ್ತು ಫೈನಲ್. ಎದುರಿಗೆ ಹಂಗಳ, ಬರಿಗಾಲಿನ ಮಕ್ಕಳು. ಮೂರು ವರ್ಷ ಸತತವಾಗಿ ಸೋಮೇಶನ ಮುಖಕ್ಕೆ ಮಂಗಳಾರತಿ ಎತ್ತಿದ ಊರು. ಸಾಲದ್ದಕ್ಕೆ ಹೆಂಡತಿಯ ತವರು. ಹಬ್ಬಕ್ಕೆ ಹೋದರೆ ಒಬ್ಬಟ್ಟಿನ ಜೊತೆ ಸೋಲನ್ನೂ ಬಡಿಸುತ್ತಿದ್ದರು. ಈ ಸಲ ಗೆಲ್ಲದಿದ್ದರೆ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಯಾಕೆಂದರೆ ಗೆದ್ದೆವೆಂಬ ಫ್ಲೆಕ್ಸನ್ನು ಆಗಲೇ ಮಾಡಿಸಿ ಬಸ್‌ಸ್ಟ್ಯಾಂಡಿನ ಮುಂದೆ ಕಟ್ಟಿಸಿಯೂ ಆಗಿತ್ತು. ಅದರಲ್ಲಿ ಅವನ ಮುಖ ಎಮ್ಮೆಯಷ್ಟು, ಮಕ್ಕಳ ಮುಖ ಹೆಸರುಕಾಳಿನಷ್ಟು. ಬೆಟ್ಟದ ಮಾದಪ್ಪನಿಗೆ ಹರಕೆಯನ್ನೂ ಹೊತ್ತಿದ್ದ. ದೇವರ ಮೇಲೂ ವ್ಯಾಪಾರಿಗೆ ನಂಬಿಕೆ ಇರುವುದಿಲ್ಲ. ಕೆಲಸ ಆಗಲೆಂದು ಅತ್ತೆ ಶಿವರುದ್ರಮ್ಮನ ಮೂಲಕ ಬೆಟ್ಟಕ್ಕೆ ಮುಂಗಡ ಮುಟ್ಟಿಸಿದ್ದ.

ತಲೆಯ ಗೋಲು ಹೋದರೇನು, ಮೈಸೂರಿನ ಮಕ್ಕಳು ಕಾಲಿನಿಂದ ಮೂರು ಹೊಡೆದರು. ಭಾನು ಅವನ ಹತ್ತಿರ ಬಂದು, “ಸಾಕು ಬುಡಿ ಅಣ್ಣ, ಕೂತಿರೋ ಮಕ್ಕಳನ್ನೂ ಆಡ್ಸಿ,” ಎಂದಳು.

“ಇನ್ನೊಂದು ಬಾರಿಸ್ರುಲಾ,” ಎಂದು ಸೋಮೇಶ್ ಕೂಗಿದ. ಬಾರಿಸಿದರು.

ಭಾನು ಹಂಗಳದವರತ್ತ ತಿರುಗಿದಳು. ನಾಲ್ಕು ಗೋಲು ಹಿಂದೆ ಬಿದ್ದವರು ಹೆಚ್ಚುವರಿಯಾಗಿ ಒಂದು ಮಗುವನ್ನು ಇಳಿಸಬಹುದು, ಅದು ಕೊನೆಯವರೆಗೂ ಆಡಬಹುದು. ಈ ನಿಯಮ ಕೇಳಿ ಸೋಮೇಶ್ ನೆಲಕ್ಕೆ ಉಗಿದ. “ಸೋತೋರಿಗೆ ಭಿಕ್ಷೆ. ಇಳಿಸ್ಲಿ ಬುಡಿ, ಇನ್ನೊಂದು ಸೊಳ್ಳೆ.”

ಇಳಿದದ್ದು ಒಂದು ಬೋಳುತಲೆ. ತಲೆ ತುಂಬ ಒಣಗಿದ ಗಂಧ, ಮೊಣಕಾಲಿನವರೆಗೆ ಇಳಿಬಿದ್ದ ಯಾರದೋ ಅಂಗಿ. ಆ ಕಡೆ ಬೋಳುತಲೆಯ ಮಕ್ಕಳಿಗೇನೂ ಬರವಿಲ್ಲ. ಸೋಮೇಶ್ ಎರಡನೇ ಸಲ ನೋಡಲಿಲ್ಲ. ಮಕ್ಕಳ ಕಾಲು ನೋಡುತ್ತಿದ್ದನೇ ಹೊರತು ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಆ ಕಾಲನ್ನು ನೋಡಲೇಬೇಕಾಯಿತು. ಬೋಳುತಲೆ ಬಂದ ಮೇಲೆ ಹಂಗಳದವರಿಗೆ ಜೀವ ಬಂತು. ಒಂದು ಗೋಲು ಹೋಯಿತು, ಎರಡು ಹೋಯಿತು. ರೇವಂತ್ ಎಡಕ್ಕೆ ಹಾರಿದರೆ ಚೆಂಡು ಬಲಕ್ಕೆ. ಮೂರನೆಯದು ಹೋದಾಗ ಹುಡುಗ ನೆಲದ ಮೇಲೆ ಬಿದ್ದುಕೊಂಡೇ ನಗುತ್ತಿದ್ದ.

“ಯಾಕ್ಲಾ ಅಲ್ಲು ಕಿರಿತಿದ್ದಿಯಾ?” ಎಂದು ಅಪ್ಪ ಗದರಿದ.

“ಅದ್ರ ಒದೆ ಇಡಿಯಕಾಗಕಿಲ್ಲ ಕಣಪ್ಪ. ನಂಗೊತ್ತು.”

ನಾಲ್ಕು ಸಮವಾಯಿತು. ಐದನೆಯದನ್ನೂ ಅದೇ ಬೋಳುತಲೆ ಒದ್ದಿತು. ಹಿಂದೆಯೇ ಆಟ ಮುಗಿದ ಸೀಟಿ.

ಸೋಮೇಶನ ಕಣ್ಣಿಗೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಕಂಡಿತು. ಭಾನುವಿನ ಎದುರು ಹೋಗಿ ನಿಂತ.

“ಮೋಸ. ಅವನು ಹತ್ತರೊಳಗಿನವನಲ್ಲ. ಹನ್ನೆರಡಾದ್ರೂ ಆಗದೆ. ಊರೋರೆಲ್ಲ ಸೇರಿ ಕತ್ತೆಯ ಕರುಗಳ ಜೊತೆ ಬುಟ್ಟವ್ರೆ.”

“ವಯಸ್ಸು ಜಾಸ್ತಿ ಅಂತಾದ್ರೆ ಹಂಗಳ ಸೋತಂಗೆ, ಕಪ್ ನಿಮ್ಗೆ,” ಎಂದಳು ಭಾನು. “ಅನುಮಾನ ಇದ್ರೆ ಮನೆಯವರು ಬಂದು ಎಲ್ಲರೆದುರು ಹೇಳ್ಬೇಕು. ಅವರ ಮಾತೇ ಕೊನೆ.”

“ಮನೆಯವ್ರಲ್ಲ, ಹೆತ್ತಪ್ಪನೇ ಬರ್ಲಿ. ಅವನು ಯೋಳಿದ್ರೆ ಒಪ್ಕತಿನಿ. ಇಂಥದನ್ನ ಹೆತ್ತು ಬೀದಿಗೆ ಬುಟ್ಟವ್ನಲ್ಲ, ಆ ಮಹಾನುಭಾವನ ಮುಖ ನಾನೂ ನೋಡ್ಬೇಕು.”

ಭಾನು ಬೋಳುತಲೆಯನ್ನು ಕರೆದು ಬೆನ್ನು ತಟ್ಟಿದಳು. “ನಿಮ್ಮಪ್ಪ ಎಲ್ಲವ್ರೆ ಮಗ? ಓಗಿ ಕರ್ಕೊ ಬಾ.”

ಮಗು ಹಂಗಳದವರ ಕಡೆ ಹೋಗಲಿಲ್ಲ. ನಾಲ್ಕೇ ಹೆಜ್ಜೆ ನಡೆದು ಸೋಮೇಶನ ಅಂಗಿಯ ತುದಿ ಹಿಡಿದುಕೊಂಡಿತು.

“ಒಂಬತ್ತು ಅಂತ ಯೋಳಪ್ಪ,” ಎಂದಳು ಹರ್ಷಿತಾ. “ನೀನು ಗೆಲ್ಲಲಿ ಅಂತ ಅಜ್ಜಿ ಜೊತೆ ಬೆಟ್ಟಕ್ಕೋಗಿ, ನೀನು ಯೋಳಿದ್ದಂಗೇ ನನ್ ಮುಡಿ ಕೊಟ್ಬುಟ್ ಬಂದಿವ್ನಿ.”